ಕತ್ತಿಯ ಬಾಯಿ, ಮಾರುವವನ ಬಾಯಿ

ಹುಣಸೂರಿನಿಂದ ಫೋನು ಮಾಡಿ, ಆನ್‌ಲೈನ್ ಹರಾಜಿನಲ್ಲಿ ಬ್ರಿಟಿಷ್ ಆಫೀಸರನ ಕತ್ತಿಯೊಂದನ್ನು ಕೂಗಲೇ ಎಂದು ಕೇಳಿದೆಯಲ್ಲ ಮಗೂ, ಕೂಗುವ ಮುಂಚೆ ಎರಡು ಮಾತು.

2023ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಟಿಪ್ಪುವಿನ ಶಯನಾಗಾರದ ಖಡ್ಗ 1.4 ಕೋಟಿ ಪೌಂಡಿಗೆ ಹೋಯಿತು. ಅವತ್ತಿನಿಂದ ನಮ್ಮ ಕಡೆ ಅಟ್ಟದ ಮೇಲಿನ ತುಕ್ಕು ಮಚ್ಚೆಲ್ಲ ಸುಲ್ತಾನರದೇ! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಖಡ್ಗ ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡನಿಗೆ ಸಂದದ್ದಕ್ಕೆ ದಾಖಲೆಯಿದೆ. ಸಂತೆಯ ಕತ್ತಿಗೆ ಮಾರುವವನ ಬಾಯೇ ದಾಖಲೆ.

ನಾನೂ ಬಿದ್ದವನೇ. ಪಿರಿಯಾಪಟ್ಟಣದ ಕಡೆ ಒಬ್ಬನಿಂದ ಕೊಂಡ ಕತ್ತಿಯ ಅಲಗಿನ ಮೇಲೆ ವಿಕ್ಟೋರಿಯಾ ರಾಣಿಯ ‘ವಿ.ಆರ್.’ ಅಕ್ಷರ ಹೊಳೆಯುತ್ತಿತ್ತು. ಮನೆಯಲ್ಲಿ ಭೂತಗನ್ನಡಿ ಹಿಡಿದರೆ ಅಕ್ಷರದ ಗೆರೆ ತುಕ್ಕಿನ ಗುಳಿಗಳ ಒಳಕ್ಕೂ ಇಳಿದಿತ್ತು. ತುಕ್ಕು ಮೊದಲು, ರಾಣಿ ಆಮೇಲೆ.

ಆಫೀಸರುಗಳು ಕತ್ತಿಯನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳುತ್ತಿದ್ದರು. ಹಾಗಾಗಿ ಹೆಸರಿನ ಮೊದಲಕ್ಷರ ಕೆತ್ತಿಸಿಕೊಂಡವರುಂಟು. ವಿಲ್ಕಿನ್ಸನ್ ಕಂಪನಿಯದಾದರೆ ಅಲಗಿನ ಬೆನ್ನು ನೋಡು. 1854ರಿಂದೀಚೆಗೆ ತನ್ನ ಒಳ್ಳೆಯ ಅಲಗುಗಳಿಗೆ ಅದು ನಂಬರ್ ಹೊಡೆಯುತ್ತಿತ್ತು. ಆ ನಂಬರಿನಿಂದ ಕತ್ತಿ ಮಾಡಿದ ವರ್ಷ, ಎಷ್ಟೋ ಸಲ ಕೊಂಡವನ ಹೆಸರೂ ಸಿಗುತ್ತದೆ. ಇನ್ನು, 1918ರ ಸೆಪ್ಟೆಂಬರ್ 23ರಂದು ಹೈಫಾ ಕದನದಲ್ಲಿ ಮೈಸೂರು ಲ್ಯಾನ್ಸರ್ಸ್ ಹಿಡಿದ ಕತ್ತಿ ಅಂದರೆ ಎದೆ ಉಬ್ಬಿಸಬೇಡ, ಕಾಗದ ಕೇಳು.

ಸುತ್ತಿಗೆ ಬಿದ್ದ ಬೆಲೆಯೇ ಕೊನೆಯಲ್ಲ. ಮೇಲೆ ಹರಾಜಿನವರ ಕಮಿಷನ್ ಇದೆ, ಕಾಲು ಪಾಲಾದರೂ ಆಶ್ಚರ್ಯವಿಲ್ಲ. ಲೈಸೆನ್ಸ್ ಬೇಕೇ ಎಂದು ದುಡ್ಡು ಕಟ್ಟುವ ಮುಂಚೆಯೇ ಠಾಣೆಯಲ್ಲಿ ವಿಚಾರಿಸು; ಆಯುಧ ಕಾನೂನು ಒಂಬತ್ತು ಇಂಚಿಗಿಂತ ಉದ್ದದ ಅಲಗನ್ನು ಸುಮ್ಮನೆ ಬಿಡುವುದಿಲ್ಲ. ನೂರು ವರ್ಷ ದಾಟಿದ್ದನ್ನು ಇಲ್ಲಿಂದ ಹೊರದೇಶಕ್ಕೆ ಮಾರುವ ಯೋಚನೆಯೂ ಬೇಡ, 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ನಿಂತಿದೆ.

ಕೊಂಡೆಯೋ, ಚರ್ಮದ ಒರೆಯಲ್ಲಿ ತುರುಕಿಡಬೇಡ. ಹಿಂದೆ ಸೈನ್ಯಕ್ಕೆಂದು ಚರ್ಮ ಹದ ಮಾಡಿದ ಊರಿನವನು ನೀನು. ಹದದ ಹುಳಿ ಉಕ್ಕನ್ನು ತಿನ್ನುತ್ತದೆಂದು ನಾನು ಹೇಳಬೇಕೇ? ಬೇರೆಯಾಗಿಡು, ತೆಳ್ಳಗೆ ಮೆಷಿನ್ ಎಣ್ಣೆ ಸವರು. ಬ್ರಾಸೋ ಹಾಕಿ ತಿಕ್ಕಿದರೆ ಕತ್ತಿಯ ವಯಸ್ಸೂ ಹೋಗುತ್ತದೆ, ಬೆಲೆಯೂ. ಆಯುಧಪೂಜೆಗೆ ಕುಂಕುಮ ಇಡು, ಸಂಜೆಗೇ ಒರೆಸು. ಅದರಲ್ಲಿ ನಿಂಬೆಹಣ್ಣು ಕೊಯ್ದೀಯೆ ಮತ್ತೆ!

ಅಂದಹಾಗೆ, ಎಚ್.ಡಿ. ಕೋಟೆಯಲ್ಲಿ ನಿಮ್ಮ ಸೋದರಮಾವನ ಮನೆ ಪಣತದಲ್ಲಿ ಗೋಣಿ ಸುತ್ತಿಟ್ಟ ಕತ್ತಿಯೊಂದಿತ್ತಲ್ಲ. ಹರಾಜು ಆಮೇಲೆ. ಮೊದಲು ಹೋಗಿ ಅದರ ಬೆನ್ನು ಒರೆಸಿ ನೋಡು, ನಂಬರ್ ಕಂಡರೆ ಫೋಟೋ ಕಳಿಸು.