ಕಟ್ಟಿಸಿದ ಹಲ್ಲು ಬೀಳದೆ ನಿಲ್ಲುವುದು ಹೇಗೆ?

ಬಾಯಲ್ಲಿ 32 ಹಲ್ಲುಗಳಿರುವಾಗ ಒಂದು ಹೋದರೆ ಏನು ಮಹಾ ನಷ್ಟವೆಂದು ಅನೇಕರು ಭಾವಿಸುವುದುಂಟು. ಆದರೆ ಹಲ್ಲುಗಳು ಗೋಡೆಗೆ ಬಡಿದ ಗೂಟಗಳಲ್ಲ. ಒಂದಕ್ಕೊಂದು ಆತುಕೊಂಡು ನಿಂತಿರುವಂಥವು. ನಡುವೆ ಒಂದು ಬಿದ್ದರೆ ಪಕ್ಕದ ಹಲ್ಲು ಆ ತೆರಪಿನ ಕಡೆಗೆ ವಾಲತೊಡಗುತ್ತದೆ. ಎದುರು ದವಡೆಯ ಹಲ್ಲು ತಡೆಯಿಲ್ಲದೆ ಬರಬರುತ್ತ ಅದರೊಳಕ್ಕೆ ಚಾಚುತ್ತದೆ. ಹಲ್ಲು ಕಟ್ಟಿಸಿಕೊಳ್ಳುವುದು ಕೇವಲ ಅಂದಕ್ಕಾಗಿ ಅಲ್ಲವೆಂಬುದು ಇದರಿಂದ ವೇದ್ಯವಾಗುತ್ತದೆ.

ಕೆಲವೇ ಹಲ್ಲುಗಳು ಹೋಗಿದ್ದರೆ ಕೃತಕ ಹಲ್ಲುಗಳ ಫಲಕವನ್ನು ಲೋಹದ ಕೊಕ್ಕೆಗಳಿಂದ ಉಳಿದ ಹಲ್ಲುಗಳಿಗೆ ಸಿಕ್ಕಿಸುವರು. ಅದು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ಹಲ್ಲೂ ಇಲ್ಲದ ಬಾಯಲ್ಲಿ ಮೇಲ್ದವಡೆಯ ಪೂರ್ಣ ದಂತಪಂಕ್ತಿ ಯಾವ ಆಧಾರದಿಂದ ತೂಗಿಕೊಂಡಿರುತ್ತದೆ?

ಹಿಂದಿನವರನ್ನು ಈ ಪ್ರಶ್ನೆ ಬಹಳ ಕಾಡಿತು. ಅಮೆರಿಕದ ಪ್ರಥಮ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವನಿಗೆ ಉಳಿದಿದ್ದ ಸ್ವಂತ ಹಲ್ಲು ಒಂದೇ. ಅವನದು ಮರದ ಹಲ್ಲೆಂಬ ಕಥೆ ಪ್ರಸಿದ್ಧವಾಗಿದೆ. ಅದು ಬರೀ ಕಥೆ. ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹ ಇವುಗಳಿಂದ ಅವನ ದಂತಪಂಕ್ತಿಗಳು ರಚಿತವಾಗಿದ್ದವು. ಮೇಲಿನದನ್ನು ಎತ್ತಿ ಹಿಡಿಯಲು ಎರಡರ ನಡುವೆ ಸ್ಪ್ರಿಂಗುಗಳಿದ್ದವು. ಆ ಸ್ಪ್ರಿಂಗುಗಳು ಸದಾ ಬಾಯನ್ನು ತೆರೆಯಲು ತವಕಿಸುತ್ತಿದ್ದುದರಿಂದ ಅವನು ದವಡೆಯನ್ನು ಬಿಗಿಹಿಡಿದೇ ಇರಬೇಕಾಗುತ್ತಿತ್ತು!

ಇಂದು ಸ್ಪ್ರಿಂಗು ಬೇಕಿಲ್ಲ. ಕಾರಣವನ್ನು ನಿಮ್ಮ ಪ್ರಯೋಗಶಾಲೆಯಲ್ಲಿಯೇ ಕಾಣಬಹುದು. ಸೂಕ್ಷ್ಮದರ್ಶಕದ ಎರಡು ಗಾಜುಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಎತ್ತಿರಿ; ಸುಲಭವಾಗಿ ಬೇರ್ಪಡುತ್ತವೆ. ನಡುವೆ ಒಂದು ಹನಿ ನೀರು ಬಿಟ್ಟು ಒತ್ತಿ, ಅನಂತರ ನೇರವಾಗಿ ಎಳೆದು ನೋಡಿರಿ. ಬಿಡಿಸುವುದು ಕಷ್ಟವಾಗುತ್ತದೆ. ದಂತಪಂಕ್ತಿಯ ಫಲಕಕ್ಕೂ ಅಂಗುಳಕ್ಕೂ ನಡುವೆ ಲಾಲಾರಸದ ತೆಳು ಪೊರೆಯೊಂದಿದ್ದು, ಆ ನೀರಿನ ಕೆಲಸವನ್ನೇ ಮಾಡುತ್ತದೆ. ಅಂಚಿನ ಸುತ್ತ ಗಾಳಿ ನುಸುಳದಿದ್ದರೆ ಹೊರಗಿನ ವಾಯುವಿನ ಒತ್ತಡವೂ ಫಲಕವನ್ನು ಬೀಳಗೊಡುವುದಿಲ್ಲ. ಪೊರೆ ತೆಳುವಾದಷ್ಟೂ ಹಿಡಿತ ಬಲವಾಗುವುದರಿಂದ ಫಲಕ ವಸಡಿನ ಒಂದೊಂದು ಏರಿಳಿತಕ್ಕೂ ಹೊಂದಬೇಕು. ಕೆತ್ತಿದ ದಂತದಿಂದ ಇದು ಸಾಧ್ಯವಾಗದು. ಬಾಯಿಯ ಅಚ್ಚು ತೆಗೆದು, ಪ್ಲಾಸ್ಟರಿನ ಪ್ರತಿಕೃತಿಯ ಮೇಲೆ ಮೆದುವಾದ ವಸ್ತುವನ್ನು ಒತ್ತಿ ಗಟ್ಟಿಗೊಳಿಸಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಗಟ್ಟಿ ರಬ್ಬರು ಈ ಕೆಲಸಕ್ಕೆ ಬಂದಿತು; 1930ರ ದಶಕದ ಕೊನೆಯಿಂದ ವಸಡಿನ ಬಣ್ಣವನ್ನೇ ತಾಳಬಲ್ಲ ಅಕ್ರಿಲಿಕ್ ಅದರ ಸ್ಥಾನವನ್ನು ಪಡೆಯಿತು.

ಕೆಳದವಡೆಯ ಪಾಡು ಬೇರೆ. ಅಲ್ಲಿ ಅಂಗುಳವಿಲ್ಲ, ಫಲಕವು ಕುದುರೆಯ ಲಾಳದಂತೆ ಕಿರಿದು, ಊರುವ ಜಾಗ ಮೇಲಿನದರ ಅರ್ಧದಷ್ಟು. ಮೇಲಾಗಿ ನಾಲಗೆ ಸುಮ್ಮನಿರದು. ಅಜ್ಜಂದಿರು ಮೇಲಿನ ಸೆಟ್ಟನ್ನು ಹಾಕಿಕೊಂಡು ಕೆಳಗಿನದನ್ನು ಡಬ್ಬಿಯಲ್ಲಿಯೇ ಇಟ್ಟಿರುವುದಕ್ಕೆ ಕಾರಣ ಬರಿಯ ಹಟವಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಕಾಣದು. ಬೇರನ್ನು ಮೂಳೆಗೆ ಬಿಗಿದಿರುವ ಸೂಕ್ಷ್ಮ ತಂತುಗಳು ನಾವು ಅಗಿದಾಗಲೆಲ್ಲ ಮೂಳೆಯನ್ನು ಜಗ್ಗುತ್ತವೆ. ಆ ಜಗ್ಗಾಟವೇ ಮೂಳೆಯನ್ನು ಉಳಿಸುವಂಥದು. ಹಲ್ಲು ಹೋದ ಬಳಿಕ ಅದು ನಿಂತು ಮೂಳೆ ಕರಗತೊಡಗುತ್ತದೆ. ಮೊದಲ ವರ್ಷದಲ್ಲಿ ಬಹು ಬೇಗ, ಆಮೇಲೆ ಮೆಲ್ಲಗೆ, ಆದರೆ ಎಂದೂ ನಿಲ್ಲದೆ. 25 ವರ್ಷಗಳ ಅವಧಿಯನ್ನೊಳಗೊಂಡ ತಮ್ಮ ಅಧ್ಯಯನವನ್ನು 1972ರಲ್ಲಿ ಪ್ರಕಟಿಸಿದ ಟಾಲ್‌ಗ್ರೆನ್, ಕೆಳದವಡೆಯ ಮುಂಭಾಗದ ಸವೆತ ಮೇಲಿನದರ ಸುಮಾರು ನಾಲ್ಕು ಪಟ್ಟೆಂದು ಕಂಡರು. ಫಲಕ ಬದಲಾಗುವುದಿಲ್ಲ, ಕೆಳಗಿನ ನೆಲವೇ ಕುಸಿಯುತ್ತದೆ. ಚೆನ್ನಾಗಿ ಕೂರುತ್ತಿದ್ದ ಸೆಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಗುವುದೂ, ಅದರ ಒಳಮೈಗೆ ಹೊಸ ಪದರ ಹಾಕಿಸಬೇಕಾಗುವುದೂ ಇದರಿಂದಲೇ.

ಆದ್ದರಿಂದ ಗಟ್ಟಿಯಾದ ಒಂದೆರಡು ಬೇರುಗಳಿದ್ದರೆ ವೈದ್ಯರು ಅವನ್ನು ಕೀಳದೆ ಉಳಿಸಿಕೊಂಡು ಮೇಲೆ ದಂತಪಂಕ್ತಿಯನ್ನು ಕೂರಿಸುವುದುಂಟು. ಬೇರೇ ಇಲ್ಲದವರಿಗೆ ಟೈಟೇನಿಯಮ್ ಇದೆ. ಮೂಳೆ ಈ ಲೋಹಕ್ಕೆ ನೇರವಾಗಿ ಬೆಸೆದುಕೊಳ್ಳುವುದೆಂಬುದನ್ನು ಕಂಡ ಸ್ವೀಡನ್ನಿನ ಬ್ರೋನೆಮಾರ್ಕ್, 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬನ ದವಡೆಯಲ್ಲಿ ಅದರ ತಿರುಪುಗಳನ್ನು ನೆಟ್ಟರು. ಕೆಳದವಡೆಯಲ್ಲಿ ಇಂಥ ಎರಡು ತಿರುಪುಗಳಿದ್ದರೂ ಸಾಕು, ಡಬ್ಬಿಯಲ್ಲಿ ಬಿದ್ದಿರುತ್ತಿದ್ದ ಸೆಟ್ಟು ಬಾಯಲ್ಲಿ ಜಾರದೆ ನಿಲ್ಲುತ್ತದೆ.