ಬಲ, ಕೆಲಸ, ಶಕ್ತಿ: ಲೆಕ್ಕ ಬಿಡಿಸುವ ಕ್ರಮ

ಭೌತಶಾಸ್ತ್ರದ ಲೆಕ್ಕಗಳಲ್ಲಿ ಸೋಲುವ ವಿದ್ಯಾರ್ಥಿಗಳಲ್ಲಿ ಅನೇಕರು ಗಣಿತದಲ್ಲಿ ದುರ್ಬಲರಲ್ಲ, ಶಬ್ದಾರ್ಥದಲ್ಲಿ ಎಡವಿದವರು. ಗುಣಾಕಾರ, ಭಾಗಾಕಾರಗಳನ್ನು ಬಲ್ಲ ಹುಡುಗನೂ ‘ವಿಜ್ಞಾನ ನನ್ನ ಪಾಲಿನದಲ್ಲ’ ಎಂದು ಕೈಚೆಲ್ಲುವುದು ಇದರಿಂದಲೇ. ‘ಗುಣ’ವೆಂದರೆ ಲೋಕದಲ್ಲಿ ನಡತೆ, ವ್ಯಾಕರಣದಲ್ಲಿ ಒಂದು ಸಂಧಿ. ಹಾಗೆಯೇ ಭೌತಶಾಸ್ತ್ರದಲ್ಲಿಯೂ ರೂಢಾರ್ಥ ಬೇರೆ, ಪಾರಿಭಾಷಿಕಾರ್ಥ ಬೇರೆ.

ಬಲ, ಶಕ್ತಿ, ಸಾಮರ್ಥ್ಯಗಳು ರೂಢಿಯಲ್ಲಿ ಪರ್ಯಾಯಪದಗಳು, ಶಾಸ್ತ್ರದಲ್ಲಿ ಅಲ್ಲ. ವಸ್ತುವಿನ ಚಲನೆಯನ್ನು ಮಾರ್ಪಡಿಸುವಂಥದು ಬಲ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದಿಂದ, ವಸ್ತುವಿನ ಮೇಲಿನ ಒಟ್ಟು ಬಲವು ರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧವೆಂದು ಫಲಿಸುತ್ತದೆ. ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ದೊರೆಯುವುದು ಕೆಲಸ. ಈ ಪದಕ್ಕೆ ಇಂಥ ಖಚಿತಾರ್ಥವನ್ನು 1829ರಲ್ಲಿ ನೀಡಿದವನು ಫ್ರಾನ್ಸಿನ ಕೊರಿಯೊಲಿಸ್. ಕೆಲಸ ಮಾಡುವ ಯೋಗ್ಯತೆಯೇ ಶಕ್ತಿ. ಕೆಲಸ ನಡೆಯುವ ದರವೇ ಸಾಮರ್ಥ್ಯ. ಕೆಲಸ, ಶಕ್ತಿ ಎರಡಕ್ಕೂ ಮೂಲಮಾನ ಜೂಲ್. ಅದು ಆಂಗ್ಲ ವಿಜ್ಞಾನಿ ಜೇಮ್ಸ್ ಪ್ರೆಸ್ಕಾಟ್ ಜೂಲ್ (1818–1889) ಅವರ ಹೆಸರು.

ಇನ್ನು ಒಂದು ಲೆಕ್ಕ. ನೀರು ತುಂಬಿದ 10 ಕಿಲೋಗ್ರಾಂ ರಾಶಿಯ ಕೊಡವನ್ನು 12 ಮೀಟರ್ ಆಳದ ಬಾವಿಯಿಂದ ಸಮವೇಗದಲ್ಲಿ 24 ಸೆಕೆಂಡುಗಳಲ್ಲಿ ಸೇದಲಾಯಿತು. ಹಗ್ಗದ ತೂಕವನ್ನೂ ಘರ್ಷಣೆಯನ್ನೂ ಗಣಿಸಬೇಕಿಲ್ಲ. ಕೆಲಸವೆಷ್ಟು? ಸಾಮರ್ಥ್ಯವೆಷ್ಟು?

ಮೊದಲು ಪ್ರಶ್ನೆಯನ್ನು ಎರಡು ಸಲ ಓದಿ, ಚಿತ್ರ ಬರೆದು, ಬಲಗಳನ್ನು ಬಾಣಗಳಿಂದ ಗುರುತಿಸತಕ್ಕದ್ದು. ಕೆಳಮುಖವಾಗಿ ಕೊಡದ ತೂಕ: 10 × 9.8 = 98 ನ್ಯೂಟನ್. ಮೇಲ್ಮುಖವಾಗಿ ಹಗ್ಗದ ಎಳೆತ. ಎಳೆತವು ತೂಕಕ್ಕಿಂತ ಹೆಚ್ಚಿರಬೇಕೆಂದು ಹಲವರು ಬರೆಯುವರು. ಆದರೆ ‘ಸಮವೇಗ’ ಎಂಬ ಪದವನ್ನು ಗಮನಿಸಿರಿ. ವೇಗ ಬದಲಾಗದಿರುವಲ್ಲಿ ವೇಗೋತ್ಕರ್ಷ ಸೊನ್ನೆ. ಆದುದರಿಂದ ಎಳೆತವೂ 98 ನ್ಯೂಟನ್ನೇ. ಕೆಲಸ: 98 × 12 = 1176 ಜೂಲ್. ಸಾಮರ್ಥ್ಯ: 1176 ÷ 24 = 49 ವ್ಯಾಟ್.

ಅದೇ ಕೊಡವನ್ನು ಹೊತ್ತು ಸಮತಟ್ಟಾದ ನೆಲದಲ್ಲಿ ಸಮವೇಗದಿಂದ 100 ಮೀಟರ್ ನಡೆದರೆ, ಕೊಡವನ್ನು ಎತ್ತಿ ಹಿಡಿದ ಬಲ ಮಾಡಿದ ಕೆಲಸವೆಷ್ಟು? ಸೊನ್ನೆ! ಹೊತ್ತವರಿಗೆ ದಣಿವಾಗುವುದು ನಿಜ. ಸ್ನಾಯುಗಳು ದೇಹದ ಶಕ್ತಿಯನ್ನು ವ್ಯಯಿಸುತ್ತವೆ. ಆದರೆ ಬಲ ಮೇಲ್ಮುಖ, ಚಲನೆ ಅಡ್ಡ; ಬಲದ ದಿಕ್ಕಿನಲ್ಲಿ ಕೊಡ ಸರಿದೇ ಇಲ್ಲ. ದಣಿವು ಶಾಸ್ತ್ರೋಕ್ತ ಕೆಲಸದ ಅಳತೆಗೋಲಲ್ಲ.

ಬಾವಿಕಟ್ಟೆಯ ಮಟ್ಟದಲ್ಲಿ ಹಗ್ಗ ಹರಿದು ಕೊಡ ಬಿದ್ದರೆ, ನೀರನ್ನು ಮುಟ್ಟುವಾಗ ಅದರ ವೇಗವೆಷ್ಟು? ಸೇದುವಾಗ ವ್ಯಯವಾದ 1176 ಜೂಲ್ ನಾಶವಾಗಲಿಲ್ಲ. ಪ್ರಚ್ಛನ್ನ ಶಕ್ತಿಯಾಗಿ ಉಳಿದಿತ್ತು. ‘ಪ್ರಚ್ಛನ್ನ’ವೆಂದರೆ ಮರೆಯಾಗಿರುವುದು; ಹೆಸರೇ ಪಾಠ ಹೇಳುತ್ತದೆ. ಬೀಳುವಾಗ ಅದು ಚಲನಶಕ್ತಿಯಾಗುತ್ತದೆ. ರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ 1176 ಆಗಬೇಕು. ಆಗ ವೇಗದ ವರ್ಗ 235.2, ವೇಗ ಸುಮಾರು ಸೆಕೆಂಡಿಗೆ 15.3 ಮೀಟರ್. ಗಾಳಿಯ ತಡೆಯನ್ನು ಬಿಟ್ಟರೆ ಬರಿಗೊಡಕ್ಕೂ ಇದೇ ವೇಗ. ಏಕೆಂದರೆ ರಾಶಿಯು ಸಮೀಕರಣದ ಎರಡೂ ಕಡೆ ಇದ್ದು ಹೊಡೆದುಹೋಗುತ್ತದೆ.

ಕೊನೆಗೆ ಉತ್ತರವನ್ನು ಪರೀಕ್ಷಿಸತಕ್ಕದ್ದು. ಈ ವೇಗ ಗಂಟೆಗೆ ಸುಮಾರು 55 ಕಿಲೋಮೀಟರ್, ನಂಬತಕ್ಕದ್ದೇ. 1500 ಎಂದು ಬಂದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ತಿಳಿಯಬೇಕು. ಮೂಲಮಾನವಿಲ್ಲದ ಉತ್ತರವು ವಿಭಕ್ತಿಯಿಲ್ಲದ ನಾಮಪದದಂತೆ. ಅದರಿಂದ ಅರ್ಥ ಪೂರ್ಣವಾಗದು.

ಸೂತ್ರವನ್ನಷ್ಟೇ ಕಂಠಪಾಠ ಮಾಡಿದವನು ಪ್ರಶ್ನೆ ತುಸು ಬದಲಾದರೂ ದಾರಿ ತಪ್ಪುವನು. ಪದದ ಅರ್ಥವನ್ನರಿತವನಿಗೆ ಸೂತ್ರ ಮರೆತರೂ ದಾರಿ ತೋರುತ್ತದೆ. ವಿದ್ಯಾರ್ಥಿಗಳು ಪ್ರತಿದಿನ ಒಂದೊಂದೇ ಲೆಕ್ಕವನ್ನು ಈ ಕ್ರಮದಲ್ಲಿ ಬಿಡಿಸಲಿ.