ಮುದಿ ನಾಯಿಯ ಕೆಮ್ಮು ಮತ್ತು ಓಕರಿಕೆ

ಕಣದಲ್ಲಿ ಕಾಫಿ ಹರಡಿರುವಾಗಲೂ, ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗಲೂ ರಾತ್ರಿಯ ಕಾವಲು ನಮ್ಮ ನಾಯಿಗಳದೇ. ಹಸುವಿಗೆ ಕಾಯಿಲೆಯಾದರೆ ಅದೇ ದಿನ ಪಶು ಆಸ್ಪತ್ರೆಗೆ ಹೇಳಿಕಳುಹಿಸುವ ಮನೆಗಳಲ್ಲಿಯೂ, ಎಂಟು ಹತ್ತು ವರ್ಷದ ನಾಯಿ ಕೆಮ್ಮತೊಡಗಿದರೆ "ವಯಸ್ಸಾಯಿತು" ಎಂದು ಸುಮ್ಮನಾಗುವ ರೂಢಿಯಿದೆ. ಮುದಿ ನಾಯಿಯ ಕೆಮ್ಮಿಗೆ ಹಲವು ಕಾರಣಗಳುಂಟು. ಕೆಲವಕ್ಕೆ ಒಳ್ಳೆಯ ಔಷಧಿಯಿದೆ. ಒಂದು ಮಾತ್ರ ಮನೆಮಂದಿಯ ಪ್ರಾಣಕ್ಕೇ ಅಪಾಯಕಾರಿ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇವೆ.

ಬಾಯಿಗೆ ಕೈ ಹಾಕಬಾರದು

ನಾಯಿ ಓಕರಿಸುತ್ತ, ಜೊಲ್ಲು ಸುರಿಸುತ್ತ, ಅನ್ನ ಬಿಟ್ಟರೆ "ಗಂಟಲಲ್ಲಿ ಮೂಳೆ ಸಿಕ್ಕಿದೆ" ಎಂದು ಬಾಯಿಗೆ ಕೈ ಹಾಕುವವರಿದ್ದಾರೆ. ಇದು ಸರ್ವಥಾ ಕೂಡದು. ಹುಚ್ಚು ಹಿಡಿದ ನಾಯಿಗಳೆಲ್ಲ ಕಚ್ಚಲು ಓಡಿಬರುವುದಿಲ್ಲ. ಈ ರೋಗದ ಮೂಕ ಬಗೆಯಲ್ಲಿ ಗಂಟಲು ಮತ್ತು ದವಡೆಯ ಸ್ನಾಯುಗಳು ಸೋತು, ಕೆಳದವಡೆ ಜೋತುಬಿದ್ದು, ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಬೊಗಳುವ ದನಿಯೂ ಬದಲಾಗುತ್ತದೆ. ನೋಡುವವರಿಗೆ ಮೂಳೆ ಸಿಕ್ಕಂತೆಯೇ ಕಾಣುತ್ತದೆ. ಜೊಲ್ಲಿನಲ್ಲಿರುವ ರೋಗಾಣು ಕೈಯ ತರಚು ಗಾಯದಿಂದಲೂ ಒಳಸೇರಬಹುದು.

ಇಂಥ ನಾಯಿಯನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ, ಮಕ್ಕಳೂ ಆಳುಗಳೂ ಹತ್ತಿರ ಹೋಗದಂತೆ ನೋಡಿಕೊಂಡು ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ, ಅಥವಾ ಜೊಲ್ಲು ಗಾಯಕ್ಕೆ ತಾಗಿದ್ದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗವನ್ನು ಗುಣಪಡಿಸುವ ಔಷಧಿಯಿಲ್ಲ.

ಕೆಮ್ಮೋ, ವಾಂತಿಯೋ?

ಹುಚ್ಚುರೋಗದ ನಾಯಿ ಲಕ್ಷಣ ತೋರಿದ ಮೇಲೆ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ವರ್ಷವರ್ಷವೂ ಲಸಿಕೆ ಹಾಕಿಸಿದ, ವಾರಗಟ್ಟಲೆಯಿಂದ ಕೆಮ್ಮುತ್ತಿರುವ ನಾಯಿಯಾದರೆ ಬೇರೆ ಕಾರಣ ಹುಡುಕಬೇಕು. ಕೆಮ್ಮಿ ಕೆಮ್ಮಿ ಕೊನೆಗೆ ಓಕರಿಸಿ ನೊರೆ ಉಗುಳಿದರೆ ಶ್ವಾಸನಾಳ, ಶ್ವಾಸಕೋಶ ಅಥವಾ ಹೃದಯದ ತೊಂದರೆಯಿರಬಹುದು. ಹೊಟ್ಟೆ ಹಿಂಡಿ ವಾಂತಿ ಮಾಡಿದರೆ ಜಠರ, ಯಕೃತ್ತು ಇಲ್ಲವೆ ಮೂತ್ರಪಿಂಡದ್ದು. ಹೊಟ್ಟೆ ಹಿಂಡದೆ ತಿಂದ ಅನ್ನ ಹಾಗೆಯೇ ಹೊರಬಂದರೆ ಅನ್ನನಾಳದ್ದು.

ಮುಖ್ಯ ಕಾರಣಗಳು

1. ಹೃದಯ: ಪೊಮೆರೇನಿಯನ್‌ನಂಥ ಸಣ್ಣ ಜಾತಿಗಳಲ್ಲಿ ವಯಸ್ಸಾದಂತೆ ಹೃದಯದ ಎಡಭಾಗದ ಕವಾಟ ದಪ್ಪಗಾಗಿ, ಸರಿಯಾಗಿ ಮುಚ್ಚಿಕೊಳ್ಳದೆ, ರಕ್ತ ಹಿಂದಕ್ಕೆ ಸೋರುತ್ತದೆ. ಕ್ರಮೇಣ ಹೃದಯ ಹಿಗ್ಗಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ನಾಯಿ ಬೇಗ ದಣಿಯುತ್ತದೆ, ರಾತ್ರಿ ಕೆಮ್ಮುತ್ತದೆ. ಪೂರ್ತಿ ವಾಸಿಯಾಗದಿದ್ದರೂ ಮಾತ್ರೆಗಳಿಂದ ಬಹುಕಾಲ ನೆಮ್ಮದಿಯಾಗಿ ಇಡಬಹುದು.

2. ಗಂಟಲು: ಸಣ್ಣ ಜಾತಿಗಳಲ್ಲಿ ಶ್ವಾಸನಾಳ ಸಡಿಲಗೊಂಡು, ಕೊರಳಪಟ್ಟಿ ಎಳೆದಾಗ ಬಾತಿನ ಕೂಗಿನಂಥ ಕೆಮ್ಮು ಬರುತ್ತದೆ. ಮುದಿ ಲ್ಯಾಬ್ರಡಾರ್‌ಗಳಲ್ಲಿ ಧ್ವನಿಪೆಟ್ಟಿಗೆಯ ಸ್ನಾಯು ಸೋತು ದನಿ ಒಡೆಯುತ್ತದೆ. ಉಸಿರಾಟಕ್ಕೆ ಶಬ್ದ ಬರುತ್ತದೆ. ನೀರು ಕುಡಿದಾಗ ಕೆಮ್ಮುತ್ತದೆ.

3. ಹುಳು: ಸ್ಪೈರೊಸರ್ಕ ಎಂಬ ಹುಳುವಿನ ಮರಿ ಸಗಣಿ ದುಂಬಿಯ ದೇಹದಲ್ಲಿರುತ್ತದೆ. ಆ ದುಂಬಿಯನ್ನೋ, ಅದನ್ನು ತಿಂದ ಹಲ್ಲಿಯನ್ನೋ ನಾಯಿ ತಿಂದರೆ ಅನ್ನನಾಳದ ಗೋಡೆಯಲ್ಲಿ ಗಂಟುಗಳಾಗುತ್ತವೆ. ಸಾಧಾರಣ ಜಂತುಹುಳದ ಮಾತ್ರೆ ಇದಕ್ಕೆ ಸಾಲದು.

4. ಹಲ್ಲು ಮತ್ತು ಉಣ್ಣೆ: ತಟ್ಟೆಯವರೆಗೆ ಬಂದು ಮುಖ ತಿರುಗಿಸುವ ನಾಯಿಗೆ ಹಲ್ಲು ಕೊಳೆತಿರಬಹುದು. ಉಣ್ಣೆಯಿಂದ ಬರುವ ಜ್ವರದಲ್ಲಿಯೂ ಹಸಿವು ಇಂಗಿ, ಒಸಡು ಬಿಳಿಚಿಕೊಳ್ಳುತ್ತದೆ.

ನಾವು ಮಾಡಬೇಕಾದುದು

ನಾಯಿ ನಿದ್ರಿಸುವಾಗ ಎದೆಯ ಏರಿಳಿತವನ್ನು ಒಂದು ನಿಮಿಷ ಎಣಿಸಿರಿ. ಒಂದು ಏರಿಳಿತಕ್ಕೆ ಒಂದು ಉಸಿರು. ಮತ್ತೆ ಮತ್ತೆ 30ನ್ನು ಮೀರಿದರೆ ವೈದ್ಯರಿಗೆ ತೋರಿಸಬೇಕು. ಕುತ್ತಿಗೆ ಚಾಚಿ ಬಾಯಿ ತೆರೆದು ಏದುಸಿರು ಬಿಡುವುದು, ನಾಲಿಗೆ ನೀಲಿಯಾಗುವುದು, ಕುಸಿದುಬೀಳುವುದು ಕಂಡರೆ ಒಂದು ಗಳಿಗೆಯೂ ತಡ ಮಾಡಬಾರದು. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೂ ತೋರಿಸುವುದು ಲೇಸು. ಕೆಮ್ಮು ಎಂದಿನಿಂದ, ಯಾವ ಹೊತ್ತಿನಲ್ಲಿ, ಏನು ಉಗುಳಿತು ಎಂಬುದನ್ನು ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೆ ಅನುಕೂಲ.

ಕಷಾಯ, ಎಣ್ಣೆಗಳನ್ನು ಬಲವಂತವಾಗಿ ಬಾಯಿಗೆ ಸುರಿಯಬಾರದು; ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆದೀತು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ನಮ್ಮ ಮಾತ್ರೆಗಳು ನಾಯಿಗೆ ವಿಷವಾಗಬಲ್ಲವು. ಅಡಿಕೆ ಬೇಯಿಸುವ ಒಲೆ, ಬಚ್ಚಲೊಲೆಗಳ ಹೊಗೆಯಿಂದ ನಾಯಿಯನ್ನು ದೂರ ಮಲಗಿಸಿರಿ. ಕೊರಳಪಟ್ಟಿಯ ಬದಲು ಎದೆಗೆ ಕಟ್ಟುವ ಪಟ್ಟಿ ಬಳಸಿರಿ. ಮೆತ್ತನೆಯ ಅನ್ನಕ್ಕೆ ಮೂಳೆ ತೆಗೆದ ಕೋಳಿಮಾಂಸ ಬೆರೆಸಿ, ಈರುಳ್ಳಿ ಬೆಳ್ಳುಳ್ಳಿ ಹಾಕದೆ, ಸ್ವಲ್ಪ ಸ್ವಲ್ಪವಾಗಿ ಕೊಡಿರಿ.

ಕೊನೆಯದಾಗಿ, ಮನೆಯ ನಾಯಿಯಷ್ಟೇ ಅಲ್ಲದೆ ಲೈನ್ ಮನೆಗಳ ನಾಯಿಗಳಿಗೂ ಪ್ರತಿ ವರ್ಷ ಹುಚ್ಚುರೋಗದ ಲಸಿಕೆ ಹಾಕಿಸಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ. ಲಸಿಕೆಯಾದ ನಾಯಿ ಕೆಮ್ಮಿದಾಗ ಮನೆಯವರು ಭಯವಿಲ್ಲದೆ ಅದರ ಆರೈಕೆ ಮಾಡಬಹುದು.